ಅಟ್ಟದ ಮೇಲಿನ ಹಳೆ ರೆಕಾರ್ಡ್ ಮತ್ತೆ ಹಾಡಬೇಕಾದರೆ

ಅಟ್ಟದಿಂದ ಇಳಿಸಿದ ರೆಕಾರ್ಡನ್ನು ಸುಮ್ನೆ ಬಟ್ಟೆಯಲ್ಲಿ ಒರೆಸಿ ಪ್ಲೇಯರ್ ಮೇಲೆ ಇಡಬೇಡಿ. ಮೊದಲು ಅದು ಯಾವ ಬಗೆಯದು ಅಂತ ನೋಡಿ. ಉಳಿದದ್ದೆಲ್ಲ ಆಮೇಲೆ.

ಈಗ ರೆಕಾರ್ಡ್‌ಗೆ ಮತ್ತೆ ಬೇಡಿಕೆ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ರೆಕಾರ್ಡ್ ಮಾರಾಟವಾದವು, ಸಿಡಿ 3.3 ಕೋಟಿ. 1987ರ ನಂತರ ಸಿಡಿ ಹಿಂದೆ ಬಿದ್ದದ್ದು ಅದೇ ಮೊದಲು. ಇಲ್ಲೂ ಹುಡುಗರು ಆನ್‌ಲೈನಿನಲ್ಲಿ ಹೊಸ ರೆಕಾರ್ಡ್ ತರಿಸುತ್ತಿದ್ದಾರೆ. ತರಿಸಲಿ, ಒಳ್ಳೆಯದೇ. ಆದರೆ ಬೆಳಗಾವಿ, ಬಾಗಲಕೋಟೆ ಕಡೆಯವರು ಮೊದಲು ಹುಡುಕಬೇಕಾದದ್ದು ಅಜ್ಜನ ಮನೆಯ ಟ್ರಂಕಿನಲ್ಲಿ, ಮದುವೆ ಜಾತ್ರೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದವರ ಮನೆಯಲ್ಲಿ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಅಮೀರ್‌ಬಾಯಿ, ಗೋಹರ್‌ಬಾಯಿ ಅಕ್ಕತಂಗಿಯರು ಬೀಳಗಿಯವರು, ‘ಕರ್ನಾಟಕಿ’ ಅನ್ನುವ ಹೆಸರಿನಲ್ಲೇ ಮುಂಬೈಯಲ್ಲಿ ಹಾಡಿ ಗೆದ್ದವರು. ಆ ಕಾಲದ ಎಷ್ಟೋ ರೆಕಾರ್ಡ್ ಸಿಡಿಗೂ ಬರಲಿಲ್ಲ, ಮೊಬೈಲಿಗೂ ಬಂದಿಲ್ಲ. ನಿಮ್ಮ ಟ್ರಂಕಿನಲ್ಲಿ ಇರುವುದು ಅಂಥದ್ದೇ ಆಗಿರಬಹುದು, ಅದಕ್ಕೇ ಇಷ್ಟು ಎಚ್ಚರಿಕೆ.

ಗುರುತಿಸುವುದು ಸುಲಭ. ಕೈಗೆ ಭಾರ ಅನ್ನಿಸಿ, ಚೂರೂ ಬಾಗದೆ, ಒಂದು ಬದಿಗೆ ಮೂರು ನಿಮಿಷದ ಒಂದೇ ಹಾಡು ಇದ್ದರೆ ಅದು 78 ಸ್ಪೀಡಿನದು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಅದರಲ್ಲಿ ಇರುವುದು ಶೆಲ್ಯಾಕ್, ಅಂದರೆ ಅರಗು. ಬಿದ್ದರೆ ಗಾಜಿನಂತೆ ಚೂರಾಗುತ್ತದೆ. ಹಗುರವಾಗಿ, ಸ್ವಲ್ಪ ಬಾಗುವ, ಒಂದು ಬದಿಗೆ ಇಪ್ಪತ್ತು ನಿಮಿಷದಷ್ಟು ಹಾಡುವ ದೊಡ್ಡದು ಎಲ್‌ಪಿ. ಅದು ವಿನೈಲ್, ಸ್ಪೀಡು 33. ಅಂಗೈಗಿಂತ ಸ್ವಲ್ಪ ದೊಡ್ಡದಾದ 7 ಇಂಚಿನದು ಸಾಮಾನ್ಯವಾಗಿ 45. ಲೇಬಲ್ ಮೇಲೂ ಬರೆದಿರುತ್ತದೆ, ಆದರೆ ಹಳೆಯ ಕೆಲವುಗಳಲ್ಲಿ ಇರುವುದಿಲ್ಲ.

ತೊಳೆಯುವುದರಲ್ಲೇ ಜಾಸ್ತಿ ರೆಕಾರ್ಡ್ ಹಾಳಾಗುತ್ತವೆ. 78ರ ರೆಕಾರ್ಡಿಗೆ ಸ್ಪಿರಿಟ್, ಸ್ಯಾನಿಟೈಸರ್, ಸೆಂಟು ಯಾವುದೂ ಮುಟ್ಟಿಸಬೇಡಿ, ಯಾಕಂದರೆ ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಗೆರೆಗಳ ಜೊತೆ ಹಾಡೂ ಹೋಗುತ್ತದೆ. ನೀರಿನಲ್ಲಿ ನೆನೆಹಾಕಲೂ ಬೇಡ. ಸ್ವಲ್ಪವೇ ಸೋಪಿನ ನೀರು ಹಚ್ಚಿ, ಬೇಗ ತೊಳೆದು, ತಕ್ಷಣ ಒರೆಸಿ. ಬಿರುಕು ಬಿಟ್ಟಿದ್ದರೆ ನೀರೇ ಬೇಡ, ಮೆತ್ತನೆ ಬ್ರಷ್ ಸಾಕು. ಎಲ್‌ಪಿಗೆ ಇಷ್ಟು ಭಯ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೆ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಾಗಿ ಒರೆಸಬೇಕು, ಅಡ್ಡಡ್ಡ ಉಜ್ಜಬಾರದು. ಲೇಬಲ್ ನೆನೆಯಬಾರದು.

ನೀರಿನ ಮಾತು ಬೇರೆಯೇ ಹೇಳಬೇಕು. ವಿಜಯಪುರ, ಬಾಗಲಕೋಟೆಯ ಬೋರ್ ನೀರು ಎಷ್ಟು ಗಡಸು ಅಂತ ನಮಗೆಲ್ಲ ಗೊತ್ತಲ್ವಾ, ನಲ್ಲಿಯ ಬಾಯಿಗೆ ಕಟ್ಟುವ ಆ ಬಿಳಿ ಉಪ್ಪು ರೆಕಾರ್ಡಿನ ಗೆರೆಯೊಳಗೂ ಕೂರುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಚಟಪಟ. ಅದಕ್ಕೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಆ್ಯಸಿಡ್ ಅಲ್ಲ, ಬರೀ ನೀರು, ಕ್ಯಾನ್ ಮೇಲೆ ಓದಿಯೇ ತಗೊಳ್ಳಿ. ಕೊನೆಯ ತೊಳೆತ ಅದರಲ್ಲೇ ಆಗಲಿ. ನೆರಳಲ್ಲಿ ನಿಲ್ಲಿಸಿ ಒಣಗಿಸಿ, ಬಿಸಿಲಿಗೆ ಇಡಲೇಬೇಡಿ.

ಇನ್ನು ಪಿನ್, ಅಂದರೆ ಗೆರೆಯಲ್ಲಿ ಓಡಿ ಹಾಡು ಎತ್ತುವ ಸೂಜಿ, ಸ್ಟೈಲಸ್ ಅಂತಲೂ ಅನ್ನುತ್ತಾರೆ. 78ರ ಗೆರೆ ಅಗಲ, ಎಲ್‌ಪಿ ಗೆರೆ ಸಣ್ಣ. 78ಕ್ಕೆ ಬೇಕಾದ ಪಿನ್ನಿನ ತುದಿ ಎಲ್‌ಪಿ ಪಿನ್ನಿಗಿಂತ ಸುಮಾರು ಮೂರು ಪಟ್ಟು ದಪ್ಪ. ಎಲ್‌ಪಿ ಪಿನ್ನನ್ನು 78ರಲ್ಲಿ ಬಿಟ್ಟರೆ ಗೆರೆಯ ತಳದಲ್ಲಿ ತೇಲಾಡುತ್ತ ಬರೀ ಸರಸರ ಸದ್ದು ಮಾಡುತ್ತದೆ. 78ರ ಪಿನ್ನನ್ನು ಎಲ್‌ಪಿ ಮೇಲೆ ಇಟ್ಟರೆ ಎಲ್‌ಪಿ ಕೆಡುತ್ತದೆ. ಮನೆಯಲ್ಲಿ ಹಳೆ ಎಚ್‌ಎಂವಿ ಪ್ಲೇಯರ್ ಇದ್ದರೆ ಪಿನ್ ಇರುವ ಕಡೆ ಸಣ್ಣ ಕಡ್ಡಿ ಇದೆಯಾ ನೋಡಿ. ಅದನ್ನು ತಿರುಗಿಸಿದರೆ ಒಂದು ಬದಿ ಎಲ್‌ಪಿ, ಇನ್ನೊಂದು ಬದಿ 78. ಕೀ ಕೊಡುವ ಗ್ರಾಮಫೋನಿನಲ್ಲಿ ಎಲ್‌ಪಿ ಯಾವತ್ತೂ ಹಾಕಬಾರದು, ಅದರ ಭಾರಕ್ಕೆ ಗೆರೆ ಕಿತ್ತು ಬರುತ್ತದೆ. ಅದರ ಉಕ್ಕಿನ ಪಿನ್ನನ್ನು ಪ್ರತಿ ಬದಿಗೂ ಬದಲಿಸಬೇಕು.

ಹೊಸ ಪ್ಲೇಯರ್ ಕೊಳ್ಳುವವರಿಗೆ ನನ್ನ ಸಲಹೆ: ನೋಡಲು ಚೆಂದ ಇರುವ ಅಗ್ಗದ ಸೂಟ್‌ಕೇಸ್ ಪ್ಲೇಯರ್ ಬೇಡ. ಅದರ ಪಿನ್ ರೆಕಾರ್ಡ್ ಮೇಲೆ ಜಾಸ್ತಿ ಭಾರ ಹಾಕುತ್ತದೆ. ಒಳ್ಳೆಯ ಪ್ಲೇಯರಿನಲ್ಲಿ ಎರಡು ಗ್ರಾಂ ಆಸುಪಾಸು ಇದ್ದರೆ ಸಾಕು. ಒಳಗೇ ಫೋನೋ ಪ್ರೀ-ಆ್ಯಂಪ್, ಅಂದರೆ ಪಿನ್ನಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ಹೆಚ್ಚಿಸಿ ಸರಿಪಡಿಸುವ ಭಾಗ, ಇದೆಯಾ ಅಂತಲೂ ಕೇಳಿ. ಇಲ್ಲದಿದ್ದರೆ ಸ್ಪೀಕರಿಗೆ ನೇರವಾಗಿ ಜೋಡಿಸಿದಾಗ ದನಿ ಸೊರಗಿ, ತೆಳ್ಳಗೆ ಬರುತ್ತದೆ. ಅಮೆರಿಕದಿಂದ ಯಾರೋ ಹಳೆ ಪ್ಲೇಯರ್ ತಂದುಕೊಟ್ಟರೆ ಟ್ರಾನ್ಸ್‌ಫಾರ್ಮರ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50, ಎಷ್ಟೋ ಹಳೆ ಮೋಟಾರ್ ಇಲ್ಲಿ ನಿಧಾನವಾಗಿ ಓಡಿ ಹಾಡು ಎಳೆದಾಡುತ್ತದೆ. ‘ಗುಂಯ್’ ಅನ್ನುವ ಸದ್ದು ನಿಲ್ಲದಿದ್ದರೆ ಅರ್ಥಿಂಗ್ ವೈರ್ ನೋಡಿ. ಹಳೆ ವಾಡೆಗಳ ವೈರಿಂಗಿನಲ್ಲಿ ಅದು ಇರುವುದೇ ಕಡಿಮೆ.

ರೆಕಾರ್ಡನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಬೆಳಗಾವಿ ಮಳೆಗಾಲದಲ್ಲಿ ಕವರಿಗೆ ಬೂಷ್ಟು ಬರುತ್ತದೆ, ಗೋಡೆಗೆ ತಾಗಿಸದೆ ಗಾಳಿಯಾಡುವಂತೆ ಇಡಿ. ವಿಜಯಪುರದಲ್ಲಿ ಇದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಪತ್ರಾಸಿನ ಕೆಳಗಿನ ಅಟ್ಟ ಬೇಡ, ಬಿಸಿಲಿಗೆ ನಿಂತ ಕಾರೂ ಬೇಡ. ಎಲ್‌ಪಿ ಒಮ್ಮೆ ಸೊಟ್ಟಗಾದರೆ ನೆಟ್ಟಗೆ ಮಾಡುವುದು ಕಷ್ಟ.

ಹಾಡಲು ಶುರುವಾದ ಮೇಲೆ ಒಂದು ಕೆಲಸ ಬಿಡಬೇಡಿ. ಪ್ರೀ-ಆ್ಯಂಪಿನಿಂದ ಕಂಪ್ಯೂಟರಿಗೆ ವೈರ್ ಎಳೆದು, ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಪ್ರತಿ ಬದಿಯನ್ನೂ ವೇವ್ (WAV) ಅನ್ನುವ ಆಡಿಯೋ ಫೈಲ್ ಆಗಿ ಇಳಿಸಿಕೊಳ್ಳಿ. ಚಟಪಟ ಸದ್ದು ತೆಗೆಯುವ ಆಸೆ ಬೇಡ, ಮೊದಲ ಪ್ರತಿ ಹೇಗಿದೆಯೋ ಹಾಗೇ ಇರಲಿ. ಲೇಬಲ್ಲಿನ ಎರಡೂ ಬದಿಯ ಫೋಟೋ ತೆಗೆಯಿರಿ. ನಂಬರು, ಹಾಡಿದವರ ಹೆಸರು, ರಾಗ ಎಲ್ಲ ಫೈಲಿನ ಹೆಸರಿನಲ್ಲೇ ಬರೆದಿಡಿ. ಯಾರು ಕೊಂಡ ರೆಕಾರ್ಡ್, ಯಾವ ಊರಿನ ಅಂಗಡಿಯದು ಅನ್ನುವುದನ್ನು ಮನೆಯ ಹಿರಿಯರನ್ನು ಈಗಲೇ ಕೇಳಿ, ಅದನ್ನೂ ಜೊತೆಗೆ ಬರೆಯಿರಿ.