ಬಳ್ಳಿಯಲ್ಲಿ ಉಳಿಯಲು ಕಲಿತದ್ದು: ನನ್ನ ಅನುಭವ

ಮರುದಿನ ಸಭೆಯ ಸ್ತ್ರೀಯರ ಕೂಟದಲ್ಲಿ ನಾನು ಪಾಠ ಹೇಳಬೇಕಿತ್ತು. ಸತ್ಯವೇದದಲ್ಲಿ (ಬೈಬಲಿನಲ್ಲಿ) ಪೌಲನು ಗಲಾತ್ಯದ ಸಭೆಗಳವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ, ಪವಿತ್ರಾತ್ಮನ ಫಲ. ಅಲ್ಲಿರುವ ಒಂಬತ್ತು ಗುಣಗಳನ್ನು ನೋಟ್‌ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆಯುತ್ತಿದ್ದೆ. ಪ್ರೀತಿ, ಸಂತೋಷ, ಸಮಾಧಾನ ಮುಗಿದು ನಾಲ್ಕನೆಯದಕ್ಕೆ ಬಂದಿದ್ದೆ: ದೀರ್ಘಶಾಂತಿ, ಅಂದರೆ ತಾಳ್ಮೆ. ಆಗ ಪಕ್ಕದ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು. "ಅವನು ಬಂದನೇ?"

ಮಗ ಕೆಲಸದಿಂದ ಮನೆಗೆ ಬಂದನೇ ಎಂದು ಅವರು ಕೇಳುತ್ತಿದ್ದರು. ಮರೆವಿನ ಕಾಯಿಲೆ ಅವರನ್ನು ಹಿಡಿದು ಆಗಲೇ ಎರಡು ವರ್ಷವಾಗಿತ್ತು. ಅರ್ಧ ಗಂಟೆಯಲ್ಲಿ ಅದು ಐದನೆಯ ಸಲ. ನಾನು ಕುಳಿತಲ್ಲಿಂದಲೇ ಕೂಗಿದೆ: "ಇನ್ನೂ ಇಲ್ಲ ಎಂದು ಈಗಷ್ಟೇ ಹೇಳಿದೆನಲ್ಲ! ಎಷ್ಟು ಸಲ ಹೇಳಬೇಕು ನಿಮಗೆ?" ಆ ಕಡೆಯಿಂದ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ನೋಡಿದೆ. ಹಾಸಿಗೆಯ ಅಂಚಿನಲ್ಲಿ ಕುಳಿತು ಹೊದಿಕೆಯ ತುದಿಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಇದ್ದರು. ನನ್ನನ್ನು ಕಂಡೊಡನೆ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು. ನನ್ನ ಕೈಯಲ್ಲಿ ಆ ಪದವನ್ನು ಬರೆದ ಪೆನ್ನು ಹಾಗೆಯೇ ಇತ್ತು.

ನಾನು ದೀಕ್ಷಾಸ್ನಾನ ಹೊಂದಿ ಅಷ್ಟು ಹೊತ್ತಿಗೆ ಹತ್ತೊಂಬತ್ತು ವರ್ಷ ಕಳೆದಿತ್ತು. ಭಾನುವಾರ ಮಕ್ಕಳಿಗೆ ಪಾಠ, ಗಾಯನ ತಂಡ, ಸ್ತ್ರೀಯರ ಕೂಟ, ರೋಗಿಗಳಿಗಾಗಿ ನಡೆಯುವ ಪ್ರಾರ್ಥನಾ ಸರಪಳಿಯ ಹೊಣೆ, ಹೀಗೆ ನಾಲ್ಕು ಕೆಲಸಗಳು ನನ್ನ ಹೆಗಲ ಮೇಲಿದ್ದವು. ಫಲಭರಿತವಾದ ಕ್ರೈಸ್ತ ಜೀವನ ಎಂದರೆ ಇದೇ ಎಂದು ನಂಬಿದ್ದೆ. ಯೇಸು ದೂರದಿಂದ ಎಲೆ ತುಂಬಿದ ಅಂಜೂರದ ಮರವನ್ನು ಕಂಡು ಹತ್ತಿರ ಹೋದಾಗ ಎಲೆಯ ಹೊರತು ಏನೂ ಸಿಗಲಿಲ್ಲವೆಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಆ ಮರವೇ ಕಣ್ಣ ಮುಂದೆ ನಿಂತಿತ್ತು.

ಮೊದಲು ನಾನು ಹುಡುಕಿದ ಮದ್ದು ತಪ್ಪಾಗಿತ್ತು. ಸತ್ಯವೇದವನ್ನು ಸಾಕಷ್ಟು ಓದುತ್ತಿಲ್ಲ, ಅದಕ್ಕೇ ಹೀಗೆ ಎಂದುಕೊಂಡೆ. 66 ಪುಸ್ತಕಗಳು, 1,189 ಅಧ್ಯಾಯಗಳು, ದಿನಕ್ಕೆ ಮೂರು ನಾಲ್ಕು ಓದಿದರೆ ವರ್ಷಕ್ಕೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಪಟ್ಟಿ ಮಾಡಿದೆ. ಮೂರನೆಯ ಪುಸ್ತಕವಾದ ಯಾಜಕಕಾಂಡದವರೆಗೆ ಹುರುಪಿನಿಂದ ಹೋದೆ. ಆಮೇಲೆ ಗುರುತು ಹಾಕುವುದಕ್ಕಾಗಿಯೇ ಓದತೊಡಗಿದೆ. ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಅತ್ತೆಯ ಮೇಲೆ ರೇಗುವುದೂ ನಿಲ್ಲಲಿಲ್ಲ, ರೇಗಿದ ಮೇಲೆ ಪಡುವ ಸಂಕಟ ಮಾತ್ರ ಹೆಚ್ಚಾಯಿತು. ಇಡೀ ಸತ್ಯವೇದವನ್ನು ಓದುವುದು ಬೇಡವೆಂದು ಹೇಳುತ್ತಿಲ್ಲ, ಮುಂದೆ ನಾನೂ ನಿಧಾನವಾಗಿ ಮೂರು ವರ್ಷದಲ್ಲಿ ಓದಿ ಮುಗಿಸಿದೆ. ಆದರೆ ಬಾಯಾರಿದವಳು ಕೊಡಗಳನ್ನು ಎಣಿಸುತ್ತ ಕುಳಿತರೆ ದಾಹ ತೀರುವುದಿಲ್ಲ.

ನಮ್ಮ ಸಭೆಯಲ್ಲಿ ನನಗಿಂತ ಬಹಳ ಹಿರಿಯರಾದ ಒಬ್ಬ ಸಹೋದರಿ ಇದ್ದಾರೆ. ಅವರ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಬುದ್ಧಿವಾದ ಬರುತ್ತದೆಂದು ಕಾದೆ. ಅವರು ಕೇಳಿದ್ದು ಇಷ್ಟೇ: "ಒಂದು ತಿಂಗಳು ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯವೊಂದನ್ನೇ ಓದುತ್ತೀಯಾ?"

ಓದಿದೆ. ಮೊದಲ ವಾರ ಬೇಸರವೇ ಆಯಿತು. ಎಲ್ಲ ಗೊತ್ತಿದ್ದ ಮಾತುಗಳು: ಯೇಸು ನಿಜವಾದ ದ್ರಾಕ್ಷಾಬಳ್ಳಿ, ತಂದೆ ತೋಟಗಾರ, ನಾವು ಕೊಂಬೆಗಳು. ಎರಡನೆಯ ವಾರ ಒಂದು ಪದ ಕಣ್ಣಿಗೆ ಬಿತ್ತು, ನೆಲೆಗೊಂಡಿರುವುದು. ಪೆನ್ಸಿಲ್ ಹಿಡಿದು ಅದಕ್ಕೆ ಅಡಿಗೆರೆ ಎಳೆಯುತ್ತ ಹೋದೆ. ಗ್ರೀಕ್ ಮೂಲದಲ್ಲಿ 4ರಿಂದ 10ರವರೆಗಿನ ಏಳೇ ವಚನಗಳಲ್ಲಿ ಆ ಒಂದು ಕ್ರಿಯಾಪದ ಹತ್ತು ಸಲ ಬರುತ್ತದೆ. ಅಲ್ಲಿ ಯೇಸು ಶಿಷ್ಯರಿಗೆ ಫಲವನ್ನು ತಯಾರಿಸಿರಿ ಎಂದು ಆಜ್ಞಾಪಿಸುವುದಿಲ್ಲ. ನನ್ನಲ್ಲಿ ಉಳಿಯಿರಿ ಎನ್ನುತ್ತಾನೆ, ಉಳಿದವನು ಬಹಳ ಫಲ ಕೊಡುತ್ತಾನೆ ಎನ್ನುತ್ತಾನೆ. ಇಷ್ಟು ವರ್ಷ ನಾನು ಬಳ್ಳಿಯ ಕೆಲಸವನ್ನೂ ಕೊಂಬೆಯೇ ಮಾಡಬೇಕೆಂದು ಹೆಣಗಾಡಿದ್ದೆ.

ಇನ್ನೊಂದು ಸಂಗತಿಯೂ ಮನಸ್ಸಿಗೆ ನಾಟಿತು. ಆ ಮಾತುಗಳನ್ನು ಯೇಸು ಹೇಳಿದ್ದು ತಾನು ಬಂಧಿತನಾಗುವ ರಾತ್ರಿ. ನನ್ನಲ್ಲಿ ನೆಲೆಗೊಂಡಿರಿ ಎಂಬ ಮಾತನ್ನು ಕಿವಿಯಾರೆ ಕೇಳಿದವರೇ ಕೆಲವೇ ಗಂಟೆಗಳಲ್ಲಿ ಅವನನ್ನು ಬಿಟ್ಟು ಓಡಿಹೋದರು. ಅವರು ಓಡುವವರೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಿದ. ಅಂದಮೇಲೆ ನನಗೂ ಹೇಳಿದ್ದಾನೆ ಎಂದು ಅಂದು ಅತ್ತುಬಿಟ್ಟೆ.

ಇನ್ನು, ದಿನದಿನವೂ ನಾನು ಏನು ಮಾಡಿದೆ ಎಂಬುದನ್ನು ಹೇಳುತ್ತೇನೆ. ಬೆಳಿಗ್ಗೆ ಮನೆಯವರು ಏಳುವ ಮುಂಚೆ ಇಪ್ಪತ್ತು ನಿಮಿಷ. ಒಂದು ಗಂಟೆ ಎಂದು ಹಟ ಹಿಡಿದು ವಾರದಲ್ಲೇ ಕೈಬಿಟ್ಟ ಅನುಭವ ಮೊದಲೇ ಇತ್ತು, ಆದ್ದರಿಂದ ಇಪ್ಪತ್ತೇ ಸಾಕೆಂದು ನಿಶ್ಚಯಿಸಿದೆ. ಮೊಬೈಲ್ ಬೇರೆ ಕೋಣೆಯಲ್ಲಿ. ಇದನ್ನು ಒತ್ತಿ ಹೇಳುತ್ತೇನೆ: ಸತ್ಯವೇದವನ್ನೂ ಮೊಬೈಲ್‌ನಲ್ಲಿ ಓದುತ್ತಿದ್ದಷ್ಟು ದಿನ ನನ್ನ ಪ್ರಾರ್ಥನೆ ಒಂದು ದಿನವೂ ಪೂರ್ತಿಯಾಗಿರಲಿಲ್ಲ. ಯೇಸು ಹೇಳಿದ ಬೀಜ ಬಿತ್ತುವವನ ಸಾಮ್ಯಕಥೆಯಲ್ಲಿ ಪ್ರಪಂಚದ ಚಿಂತೆಗಳೇ ಮುಳ್ಳುಗಳಾಗಿ ಬೆಳೆದು ವಾಕ್ಯವನ್ನು ಅಡಗಿಸುತ್ತವೆ. ನನ್ನ ಮುಳ್ಳುಗಿಡವನ್ನು ನಾನೇ ದಿನವೂ ಚಾರ್ಜ್ ಮಾಡುತ್ತಿದ್ದೆ.

ಓದುವುದು ಹತ್ತು ಹನ್ನೆರಡು ವಚನಗಳಷ್ಟೇ, ಅದೂ ಬಾಯಿಬಿಟ್ಟು. ಮೊದಲನೆಯ ಕೀರ್ತನೆಯಲ್ಲಿ ನೀತಿವಂತನು ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುತ್ತಾನೆ ಎಂದಿದೆಯಲ್ಲ, ಅಲ್ಲಿರುವ ಹೀಬ್ರೂ ಪದಕ್ಕೆ ಮೆಲುದನಿಯಲ್ಲಿ ಗುನುಗುವುದು, ಗೊಣಗಿಕೊಳ್ಳುವುದು ಎಂಬ ಅರ್ಥವಿದೆ. ಬೇಟೆಯ ಮೇಲೆ ನಿಂತು ಸಿಂಹವು ಗುರುಗುಟ್ಟುವುದಕ್ಕೂ ಪ್ರವಾದಿಯಾದ ಯೆಶಾಯನು ಅದೇ ಪದವನ್ನು ಬಳಸುತ್ತಾನೆ. ಧ್ಯಾನವೆಂದರೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದೆಂದು ತಿಳಿದಿದ್ದ ನನಗೆ ಇದು ದೊಡ್ಡ ಬಿಡುಗಡೆ. ಬೆಳಿಗ್ಗೆ ಓದಿದ್ದರಲ್ಲಿ ಒಂದೇ ಒಂದು ಸಾಲನ್ನು ಬಾಯಲ್ಲಿಟ್ಟುಕೊಂಡು ಪಾತ್ರೆ ತೊಳೆಯುವಾಗ, ನಡೆಯುವಾಗ, ಅತ್ತೆಗೆ ತಲೆ ಬಾಚುವಾಗ ಗುನುಗುತ್ತಿದ್ದೆ. ಸಂಜೆಯ ಹೊತ್ತಿಗೆ ಆ ಸಾಲು ನನ್ನದಾಗಿರುತ್ತಿತ್ತು.

ನೋಟ್‌ಪುಸ್ತಕದಲ್ಲಿ ಬರೆಯುವುದನ್ನೂ ಬದಲಿಸಿದೆ. ಮೊದಲು ಪಾಠಕ್ಕೆ ಬೇಕಾದ ಅಂಶಗಳನ್ನು ಬರೆಯುತ್ತಿದ್ದೆ, ಅಂದರೆ ಬೇರೆಯವರಿಗೆ ಹೇಳುವುದಕ್ಕೆ. ಈಗ ದೇವರಿಗೇ ಎರಡು ಸಾಲು ಬರೆಯುತ್ತೇನೆ. ಪಾಪಗಳ ಅರಿಕೆಯೂ ಅಲ್ಲಿಯೇ. "ನನ್ನ ಪಾಪಗಳನ್ನು ಕ್ಷಮಿಸು" ಎಂದು ಗುಂಪಾಗಿ ಹೇಳಿ ಮುಗಿಸುತ್ತಿದ್ದವಳು ಒಂದೊಂದನ್ನೂ ಹೆಸರಿಟ್ಟು ಬರೆಯತೊಡಗಿದೆ: ನಿನ್ನೆ ಸಂಜೆ ಅತ್ತೆಯನ್ನು ಹೆದರಿಸಿದೆ. ಗಾಯನ ತಂಡದಲ್ಲಿ ಇನ್ನೊಬ್ಬಳನ್ನು ಹೊಗಳಿದಾಗ ಹೊಟ್ಟೆಕಿಚ್ಚುಪಟ್ಟೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಹೆಸರಿಟ್ಟು ಒಪ್ಪಿಕೊಂಡದ್ದಕ್ಕೆ ಸಿಕ್ಕ ಕ್ಷಮೆಯ ಹಗುರ, ಗುಂಪಾಗಿ ಒಪ್ಪಿಕೊಂಡದ್ದಕ್ಕೆ ನನಗೆಂದೂ ಸಿಕ್ಕಿರಲಿಲ್ಲ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿರಿ ಎಂದು ಯಾಕೋಬನು ಬರೆದಿದ್ದಾನೆ. ಅದಕ್ಕಾಗಿ ಎರಡು ವಾರಕ್ಕೊಮ್ಮೆ ಆ ಹಿರಿಯ ಸಹೋದರಿಯ ಬಳಿ ಹೋಗುತ್ತೇನೆ. ಅವರಿಗೂ ಅರಿಕೆಮಾಡುವುದಿರುತ್ತದೆ, ಅದನ್ನು ಕಂಡಾಗ ನನಗಾದ ಧೈರ್ಯ ಅಷ್ಟಿಷ್ಟಲ್ಲ.

ಅತ್ತೆಯ ಬಳಿ ಕ್ಷಮೆ ಕೇಳಿದ್ದನ್ನೂ ಹೇಳಬೇಕು. ಯಜ್ಞವೇದಿಯ ಬಳಿ ಕಾಣಿಕೆಯನ್ನು ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂಬ ಯೇಸುವಿನ ಮಾತನ್ನು ಓದಿದ ದಿನ ಪುಸ್ತಕ ಮುಚ್ಚಿ ಅವರ ಕೋಣೆಗೆ ಹೋದೆ. "ಅತ್ತೆ, ನಿಮ್ಮ ಮೇಲೆ ಕೂಗಾಡಿದ್ದೇನೆ, ಕ್ಷಮಿಸಿ" ಎಂದೆ. ಅವರಿಗೆ ಯಾವ ನೆನಪೂ ಇರಲಿಲ್ಲ. ನನ್ನ ಕೈ ಸವರುತ್ತ "ಏಕೆ ಅಳುತ್ತಿದ್ದೀಯಮ್ಮಾ, ಯಾರು ಏನೆಂದರು?" ಎಂದು ಕೇಳಿದರು.

ಅದರ ಭಾರ ನನಗೆ ತಿಳಿಯಲು ಕೆಲವು ದಿನ ಬೇಕಾಯಿತು. ನಾನು ಸಿಡುಕಿದರೂ ಅವರು ಮರೆಯುತ್ತಾರೆ, ತಾಳಿಕೊಂಡರೂ ಮರೆಯುತ್ತಾರೆ. ಆ ಕೋಣೆಯಲ್ಲಿ ನನ್ನ ಸಹನೆಗೆ ಸಾಕ್ಷಿಯಾಗುವವರು ಯಾರೂ ಇಲ್ಲ, ಮೆಚ್ಚಿ ಮಾತಾಡುವವರೂ ಇಲ್ಲ. ಸಭೆಯಲ್ಲಿ ನಾನು ಮಾಡಿದ ಒಂದೊಂದು ಕೆಲಸವನ್ನೂ ಯಾರೋ ಒಬ್ಬರು ನೋಡಿದ್ದರು. ಇಲ್ಲಿ ಅಂತರಂಗದಲ್ಲಿ ನೋಡುವ ತಂದೆಯೊಬ್ಬನೇ. ಅವನ ಕಣ್ಣೊಂದೇ ನನಗೆ ಸಾಕಾಗುತ್ತದೆಯೇ ಎಂಬ ಪ್ರಶ್ನೆಗೆ ಆಗ ಪ್ರಾಮಾಣಿಕವಾದ ಉತ್ತರ, ಇಲ್ಲ ಎಂಬುದೇ ಆಗಿತ್ತು. ಸಾಕಾಗುವಂತೆ ಮಾಡು ಕರ್ತನೇ ಎಂದು ಪ್ರಾರ್ಥಿಸತೊಡಗಿದೆ. ನನ್ನ ಬದುಕಿನಲ್ಲಿ ಬೆಳವಣಿಗೆ ಎಂಬುದು ಶುರುವಾದದ್ದು ಆ ಪ್ರಾರ್ಥನೆಯಿಂದ.

ಆಮೇಲೆ ಕತ್ತರಿ ಬಿತ್ತು. ಫಲ ಕೊಡುವ ಕೊಂಬೆಯನ್ನೂ ತಂದೆ ಕತ್ತರಿಸಿ ಶುದ್ಧಿಮಾಡುತ್ತಾನೆ, ಇನ್ನೂ ಹೆಚ್ಚು ಫಲ ಕೊಡಲೆಂದು. ದ್ರಾಕ್ಷಿ ಬೆಳೆಯುವ ಒಬ್ಬರನ್ನು ಈ ಬಗ್ಗೆ ಕೇಳಿದೆ. ಹಣ್ಣು ಬಿಡುವುದು ಆ ವರ್ಷ ಹೊಸದಾಗಿ ಹೊರಡುವ ಚಿಗುರಿನಲ್ಲಿ, ಆದ್ದರಿಂದ ಹಿಂದಿನ ವರ್ಷ ಬೆಳೆದ ಕಡ್ಡಿಗಳಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತು ಭಾಗವನ್ನೂ ತೆಗೆದುಬಿಡುವುದುಂಟು, ತೆಗೆಯದೆ ಹಾಗೆಯೇ ಬಿಟ್ಟರೆ ಬಳ್ಳಿ ಸೊಂಪಾಗಿ ಎಲೆ ತುಂಬಿಕೊಳ್ಳುತ್ತದೆ, ಗೊಂಚಲು ಬಡವಾಗುತ್ತದೆ ಎಂದರು. ನಾನು ಎರಡು ಜವಾಬ್ದಾರಿಗಳನ್ನು ಬಿಟ್ಟೆ, ಗಾಯನ ತಂಡ ಮತ್ತು ಸ್ತ್ರೀಯರ ಕೂಟ. ಬಿಟ್ಟ ಮೇಲೆ ತಿಂಗಳುಗಟ್ಟಲೆ ನೋವಾಯಿತು. ನಾನಿಲ್ಲದೆಯೂ ಹಾಡು ಚೆನ್ನಾಗಿಯೇ ನಡೆಯುತ್ತಿತ್ತು. ಸೇವೆಯೆಂದು ಕರೆಯುತ್ತಿದ್ದುದರಲ್ಲಿ ನನ್ನ ಹೆಸರಿನ ಆಸೆ ಎಷ್ಟಿತ್ತೆಂಬುದು ಅದು ಕೈತಪ್ಪಿದಾಗಲೇ ಕಂಡಿತು. ಎಲ್ಲರೂ ಹೀಗೆ ಬಿಡಬೇಕೆಂದು ನಾನು ಹೇಳಲಾರೆ. ಏನನ್ನೂ ಮಾಡದೆ ಕುಳಿತವರಿಗೆ ಕರ್ತನು ಇದಕ್ಕೆ ತಿರುಗುಮುರುಗಾದದ್ದನ್ನೇ ಹೇಳಬಹುದು.

ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎನಿಸುವ ಹೊತ್ತಿಗೆ ಬರಗಾಲ ಬಂತು. ಸುಮಾರು ಏಳು ತಿಂಗಳು ಪ್ರಾರ್ಥನೆಯಲ್ಲಿ ಏನೂ ಅನಿಸುತ್ತಿರಲಿಲ್ಲ. ಅದೇ ಕುರ್ಚಿ, ಅದೇ ಇಪ್ಪತ್ತು ನಿಮಿಷ, ಗೋಡೆಯೊಡನೆ ಮಾತಾಡಿದಂತೆ. ನನ್ನ ಸ್ವಂತ ಮಾತು ಬತ್ತಿದಾಗ ಕೀರ್ತನೆಗಳ ಮಾತನ್ನೇ ಎರವಲು ಪಡೆದೆ. ಹದಿಮೂರನೆಯ ಕೀರ್ತನೆ ಎಲ್ಲಿಯ ತನಕ ಎಂದು ನಾಲ್ಕು ಸಲ ಕೇಳುತ್ತದೆ. ಎಂಬತ್ತೆಂಟನೆಯದಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಯಲ್ಲಿ ಸ್ತೋತ್ರದ ಒಂದು ಸಾಲೂ ಇಲ್ಲ. ಅಂಥ ಪ್ರಾರ್ಥನೆಗೂ ತನ್ನ ಗ್ರಂಥದಲ್ಲಿ ದೇವರು ಜಾಗ ಕೊಟ್ಟಿದ್ದಾನಲ್ಲ ಎಂಬುದನ್ನೇ ಹಿಡಿದುಕೊಂಡು ಕುಳಿತೆ. ಆ ಬರ ಒಂದು ದಿನದಲ್ಲಿ ಮುಗಿಯಲಿಲ್ಲ, ಯಾವಾಗ ಮುಗಿಯಿತೆಂದೂ ತಿಳಿಯಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಬೀಜ ಹಾಕಿದವನು ರಾತ್ರಿ ಮಲಗುತ್ತ ಹಗಲು ಏಳುತ್ತ ಇರಲು, ಪೈರು ಹೇಗೆ ಬೆಳೆಯಿತೆಂಬುದು ಅವನಿಗೇ ತಿಳಿಯುವುದಿಲ್ಲ. ಈಗ ಹಿಂದಿರುಗಿ ನೋಡಿದರೆ, ಬೇರು ಇಳಿದದ್ದು ಆ ಏಳು ತಿಂಗಳಲ್ಲೇ ಎಂದು ನನ್ನ ನಂಬಿಕೆ.

ಫಲದ ವಿಷಯಕ್ಕೆ ಬಂದರೆ, ಗಲಾತ್ಯದ ಆ ವಚನದಲ್ಲಿ ಫಲ ಎಂಬುದು ಏಕವಚನ. ಒಂಬತ್ತು ಹಣ್ಣುಗಳಲ್ಲಿ ಯಾವುದು ನನ್ನಲ್ಲಿದೆ, ಯಾವುದಿಲ್ಲ ಎಂದು ಅಂಕ ಕೊಟ್ಟುಕೊಳ್ಳುತ್ತಿದ್ದವಳಿಗೆ ಇದು ತಡವಾಗಿ ಕಂಡಿತು. ಒಂದೇ ಫಲ, ಅದರಲ್ಲಿ ಪ್ರೀತಿಯಿಂದ ಶಮೆದಮೆಯವರೆಗೆ (ಅಂದರೆ ಆತ್ಮಸಂಯಮದವರೆಗೆ) ಎಲ್ಲ ರಸವೂ ಇದೆ. ಅದನ್ನು ಮೊದಲು ಕಂಡವರು ನನ್ನ ಯಜಮಾನರು. ಒಂದು ರಾತ್ರಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಈಚೆಗೆ ಮನೆಗೆ ಬರುವಾಗ ಎದೆ ಬಿಗಿಹಿಡಿದುಕೊಂಡು ಬರುವುದು ತಪ್ಪಿದೆ" ಎಂದರು. ಅಷ್ಟು ವರ್ಷ ಅವರು ಹಾಗೆ ಬರುತ್ತಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ.

ನನ್ನ ತಂಗಿಯೊಡನೆ ಮಾತು ನಿಂತು ನಾಲ್ಕು ವರ್ಷವಾಗಿತ್ತು, ಅವಳಿಗೂ ಕ್ಷಮೆ ಕೇಳಿ ಪತ್ರ ಬರೆದೆ. ಉತ್ತರ ಬಂದಿಲ್ಲ. ಬರಲೆಂದು ದಿನವೂ ಪ್ರಾರ್ಥಿಸುತ್ತೇನೆ.

ಅತ್ತೆಗೆ ಈಗ ನನ್ನ ಹೆಸರೂ ನೆನಪಿಲ್ಲ. ಆದರೆ ಇಪ್ಪತ್ತಮೂರನೆಯ ಕೀರ್ತನೆ ಆರು ವಚನವೂ ಬಾಯಿಗೆ ಬರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಅವರ ಹಾಸಿಗೆಯ ಅಂಚಿನಲ್ಲಿ ಕುಳಿತು ಇಬ್ಬರೂ ಹೇಳುತ್ತೇವೆ. ನಿನ್ನೆ ನಾನು "ಯೆಹೋವನು ನನ್ನ ಕುರುಬನು" ಎಂದು ಆರಂಭಿಸಿದೆ. ಅವರು ಕೈಯೆತ್ತಿ ತಡೆದರು. "ನನ್ನ ಅಲ್ಲ, ನನಗೆ. ಯೆಹೋವನು ನನಗೆ ಕುರುಬನು." ಚಿಕ್ಕಂದಿನಲ್ಲಿ ಅವರು ಕಲಿತ ಹಳೆಯ ಭಾಷಾಂತರದಲ್ಲಿ ಹಾಗೆಯೇ ಇದೆ. ತಿದ್ದಿಕೊಂಡು ಮತ್ತೆ ಮೊದಲಿನಿಂದ ಹೇಳಿದೆ. ಕೊನೆಯ ವಚನ ಮುಗಿಯುವವರೆಗೂ ನನ್ನ ಕೈ ಅವರ ಕೈಯಲ್ಲಿತ್ತು. ಆಮೇಲೆ ಬಾಗಿಲ ಕಡೆ ನೋಡಿ ಕೇಳಿದರು:

"ಅವನು ಬಂದನೇ?"

"ಇನ್ನೂ ಇಲ್ಲ ಅತ್ತೆ. ಬರುವ ಹೊತ್ತಾಯಿತು."