ಅರವತ್ತು ದಾಟಿದವರಿಗೆ ಭಾರ ಎತ್ತಿಸಿದ ಕಥೆ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಜಿಮ್ ನಡೆಸುವವರಿಗೆ, ಫಿಸಿಯೋಥೆರಪಿ ಮಾಡುವವರಿಗೆ ಬರೆದದ್ದು. ಸೆಟ್ ಏನು, ರೆಪ್ ಏನು ಅಂತ ವಿವರಿಸುತ್ತಾ ಕೂರುವುದಿಲ್ಲ. "ಮುದುಕರ ಜಿಮ್ಮಾ? ಆರು ತಿಂಗಳಲ್ಲಿ ಬೀಗ ಹಾಕ್ತೀಯ ಬಿಡು" ಅಂದಿದ್ದ ಗೆಳೆಯರೇ ಈಗ ಫೋನ್ ಮಾಡಿ "ಹೆಂಗ್ ಮಾಡ್ದೆ ಗುರೂ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಹಾಕೋಣ ಅನ್ನಿಸಿತು.

ಮೈಸೂರಿನಲ್ಲಿ ನನ್ನದು ಶೀಟ್ ಹೊದಿಸಿದ ಸಣ್ಣ ಹಾಲ್. ಸಂಜೆ ಹುಡುಗರು ತುಂಬಿರುತ್ತಾರೆ. ಬೆಳಿಗ್ಗೆ ಆರೂವರೆ ಆದಮೇಲೆ ಖಾಲಿ. ಬಾಡಿಗೆ ಮಾತ್ರ ಇಡೀ ದಿನಕ್ಕೂ ಕೊಡಬೇಕು, ಅಲ್ವಾ? ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಬರುವ ಹಿರಿಯರ ಮೇಲೆ ಕಣ್ಣು ಬಿದ್ದದ್ದು ಹಾಗೆ. ಶಿಸ್ತಿನ ಜನ, ಮಳೆ ಬಂದರೂ ತಪ್ಪಿಸುವುದಿಲ್ಲ. ಆದರೆ ಗಮನಿಸಿ ನೋಡಿ. ಕೆರೆ ಪೂರ್ತಿ ಸುತ್ತಿ ಬಂದವರು ಕಲ್ಲುಬೆಂಚಿನಿಂದ ಏಳುವಾಗ ಎರಡೂ ಕೈ ಊರಿ, "ಅಮ್ಮಾ" ಅಂದೇ ಏಳುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಶುಗರ್‌ಗೆ ಒಳ್ಳೆಯದು. ತೊಡೆಗೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2020ರಲ್ಲಿ ಕೊಟ್ಟ ಸೂಚನೆಯಲ್ಲೂ 65 ದಾಟಿದವರಿಗೆ ವಾರಕ್ಕೆ 150 ನಿಮಿಷದ ನಡಿಗೆಯಂಥದ್ದರ ಜೊತೆಗೆ, ಕನಿಷ್ಠ ಮೂರು ದಿನ ಶಕ್ತಿ ಮತ್ತು ಬ್ಯಾಲೆನ್ಸಿನ ಕಸರತ್ತು ಅಂತ ಇದೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದು ಯಾರ ಬಾಯಲ್ಲೂ ಬರುವುದಿಲ್ಲ.

ಶುರು ಮಾಡುವಾಗ ದೊಡ್ಡದಾಗೇ ಮಾಡೋಣ ಅಂತ ಚೀಟಿ ಎತ್ತಿದೆ. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್, ಕೂತು ಮಂಡಿ ಚಾಚಿ ಭಾರ ಎತ್ತುವ ಲೆಗ್ ಎಕ್ಸ್‌ಟೆನ್ಷನ್, ಒಂದು ಸೆಕೆಂಡ್ ಹ್ಯಾಂಡ್ ಟ್ರೆಡ್‌ಮಿಲ್. ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ. ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಸೀರೆ ಉಟ್ಟವರು ಲೆಗ್ ಪ್ರೆಸ್ ಮೇಲೆ ಮಲಗಿ ಕಾಲೆತ್ತುವುದು ಹೇಗೆ? ಮೆಷಿನ್ ತಯಾರಿಸಿದ ಪುಣ್ಯಾತ್ಮನಿಗೆ ಆ ಪ್ರಶ್ನೆಯೇ ಬಂದಿಲ್ಲ. ಟ್ರೆಡ್‌ಮಿಲ್ ಕಂಡರೆ ಗಂಡಸರಿಗೂ ಭಯ. ಕೊನೆಗೆ ಮೂರನ್ನೂ ಅರವತ್ತು ಸಾವಿರ ಚಿಲ್ಲರೆಗೆ ಮಾರಿದೆ. ಆಮೇಲೆ ರಬ್ಬರ್ ಬ್ಯಾಂಡ್ ತಂದೆ. ಅಗ್ಗ, ನಿಜ. ಆದರೆ ಎಷ್ಟು ಭಾರ ಎಳೆಯುತ್ತಿದ್ದಾರೆ ಅಂತ ಲೆಕ್ಕವೇ ಸಿಗುವುದಿಲ್ಲ. ನಮ್ಮ ಸೆಖೆಗೆ ಬೇಗ ಸೀಳುತ್ತದೆ ಬೇರೆ.

ಕೆಲಸ ಮಾಡಿದ್ದು ಕುರ್ಚಿ ಮತ್ತು ಮಣೆ. ನಾನು ಗರಡಿಯಲ್ಲಿ ಬಸ್ಕಿ ಹೊಡೆದು ಬೆಳೆದವನು. ಬಸ್ಕಿಗಿಂತ ಒಳ್ಳೆಯ ಕಾಲಿನ ಕಸರತ್ತು ನನಗೆ ಗೊತ್ತಿಲ್ಲ. ಆದರೆ ಎಪ್ಪತ್ತರ ಅಜ್ಜಿಗೆ "ಬಸ್ಕಿ ಹೊಡೀರಿ" ಅಂದರೆ, "ನಾನೇನು ಹೋಂವರ್ಕ್ ಮಾಡಿಲ್ವೇನಪ್ಪಾ?" ಅನ್ನುತ್ತಾರೆ. ಅದಕ್ಕೆ ಆ ಹೆಸರೇ ಎತ್ತುವುದಿಲ್ಲ. ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಎರಡು ಮಣೆ ಇಟ್ಟು ಕೂರಿಸುತ್ತೇನೆ. ಎತ್ತರ ಜಾಸ್ತಿ ಇದ್ದರೆ ಏಳುವುದು ಸುಲಭ. ಹಿಮ್ಮಡಿಯನ್ನು ಮಂಡಿಗಿಂತ ಸ್ವಲ್ಪ ಒಳಕ್ಕೆ ಎಳೆದುಕೊಳ್ಳಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವವರೆಗೆ ಬಾಗಬೇಕು, ಆಮೇಲೆ ಏಳಬೇಕು. ಕೂರುವಾಗ ಧೊಪ್ಪನೆ ಬೀಳುವಂತಿಲ್ಲ, ಮೂರು ಎಣಿಸುತ್ತಾ ಇಳಿಯಬೇಕು. ಎಂಟು ಸಲ ಎದ್ದು ಕೂತರೆ ಒಂದು ಸುತ್ತು, ಅಂಥ ಎರಡು ಸುತ್ತು, ಸೋಮವಾರ, ಬುಧವಾರ, ಶುಕ್ರವಾರ. ಕೊನೆಯ ಎರಡು ಕಷ್ಟ ಆಗಲೇಬೇಕು. ಆಗದಿದ್ದರೆ ಒಂದು ಮಣೆ ತೆಗೆಯುತ್ತೇನೆ. ಎರಡೂ ಹೋದ ಮೇಲೆ ಕುರ್ಚಿ, ಆಮೇಲೆ ಸ್ಟೂಲು, ಕೊನೆಗೆ ನೆಲದ ಮೇಲೆ ಮಣೆ. ನೆಲದ ಮಣೆಯಿಂದ ಕೈ ಊರದೆ ಎದ್ದವರು ಈಗ ಏಳೆಂಟು ಜನ ಇದ್ದಾರೆ. ಅದರಲ್ಲಿ ಒಬ್ಬರಿಗೆ ಎಪ್ಪತ್ನಾಲ್ಕೋ ಎಪ್ಪತ್ತೈದೋ. ನಮ್ಮೂರಲ್ಲಿ ಬೇರೆ ಯಾವ ಟ್ರೇನರ್ ಇದನ್ನು ಮಾಡಿಸಿದ್ದಾನೋ ತೋರಿಸಲಿ.

ಮಂಡಿನೋವಿನವರಿಗೆ ನನ್ನ ನಿಯಮ ಸರಳ. ನೋವಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಕೊಟ್ಟರೆ ನಾಲ್ಕರೊಳಗೆ ಇರಬೇಕು, ಮಾರನೇ ಬೆಳಿಗ್ಗೆಗೆ ಮೊದಲಿನಂತಾಗಿರಬೇಕು. ಆಗಿಲ್ಲ ಅಂದರೆ ಮಣೆ ವಾಪಸ್. ಮೊದಲ ಐದು ನಿಮಿಷ ಮಂಡಿ ಸಡಿಲ ಮಾಡಲು ನನ್ನದೇ ಒಂದು ವರಸೆ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಬೇಕಿದ್ದವರು ಬಂದು ಒಂದು ವಾರ ಜೊತೆಗೆ ನಿಲ್ಲಲಿ.

ಡಂಬೆಲ್ ಹಿಡಿಯಲು ನಾಚುವ ಹೆಂಗಸರು ಕೊಡ ಎತ್ತಲು ನಾಚುವುದಿಲ್ಲ. ಎರಡು ಕೈಗೆ ಎರಡು ಸಣ್ಣ ಕ್ಯಾನ್, ನೀರು ತುಂಬಿಸಿ ಹಾಲಿನ ಆ ಕಡೆಯಿಂದ ಈ ಕಡೆಗೆ ನಡಿಗೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ, ತಕ್ಕಡಿಯೇ ಬೇಡ. ಎರಡೆರಡು ಲೀಟರ್‌ನಿಂದ ಶುರು ಮಾಡಿದವರು ಐದೈದಕ್ಕೆ ಬಂದರು, ಕೆಲವರು ಎಂಟೆಂಟಕ್ಕೆ. ಮುಚ್ಚಳ ಬಿಗಿ ಇರಲಿ. ನೀರು ಚೆಲ್ಲಿದ ಟೈಲ್ಸ್ ಮೇಲೆ ಜಾರಿದರೆ ಮುಗಿಯಿತು ಕಥೆ.

"ಹಾರ್ಟಿಗೆ ಏನಾದ್ರೂ ಆದ್ರೆ ನೀನು ಜೈಲಿಗೆ" ಅನ್ನುವ ಮಾತು ಬಹಳ ಕೇಳಿದ್ದೇನೆ. 1990ರಲ್ಲೇ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನೆ ಎಂಬ ವೈದ್ಯೆ, ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಭಾರ ಎತ್ತಿಸಿ, ಕಾಲಿನ ಶಕ್ತಿ ಎರಡೂವರೆ ಪಟ್ಟಿಗೂ ಮೇಲೆ ಏರಿದ್ದನ್ನು ತೋರಿಸಿದ್ದಾರೆ. ಇದನ್ನು ಹೇಳಿದರೂ ಯಾರೂ ನಂಬಲಿಲ್ಲ, ಅದು ಬೇರೆ ಮಾತು. ನಾನು ಮಾಡುವುದಿಷ್ಟು: ಡಾಕ್ಟರ ಚೀಟಿ ಇಲ್ಲದೆ ಸೇರಿಸುವುದಿಲ್ಲ. ಬಾಗಿಲಲ್ಲೇ ಬಿಪಿ ನೋಡುತ್ತೇನೆ. ಏಳುವಾಗ ಜೋರಾಗಿ ಎಣಿಸಲು ಹೇಳುತ್ತೇನೆ. ಬಾಯಿ ಎಣಿಸುತ್ತಿದ್ದರೆ ಉಸಿರು ಕಟ್ಟಲು ಆಗುವುದಿಲ್ಲ, ಬಿಪಿ ದಿಢೀರ್ ಏರುವುದಿಲ್ಲ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರುವಂತಿಲ್ಲ.

ಇಷ್ಟಾದರೂ ಮೊದಲ ಎರಡು ಮೂರು ತಿಂಗಳು ಒಂದು ಹಂತಕ್ಕೆ ಬಂದು ನಿಂತುಬಿಡುತ್ತಿದ್ದರು. ಏನು ತಿನ್ನುತ್ತೀರಿ ಅಂತ ಬರೆಸಿಕೊಂಡಾಗ ಗೊತ್ತಾಯಿತು. ಬೆಳಿಗ್ಗೆ ಎರಡು ಇಡ್ಲಿ ಅಥವಾ ಉಪ್ಪಿಟ್ಟು, ಕಾಫಿ. ಮಧ್ಯಾಹ್ನ ಮುದ್ದೆ, ತಿಳಿಸಾರು. ರಾತ್ರಿ "ಅರಗಲ್ಲಪ್ಪಾ" ಅಂತ ಅನ್ನ ಮಜ್ಜಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಮೈತೂಕದ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ವಯಸ್ಸಾದವರಿಗೆ 1ರಿಂದ 1.2 ಇರಲಿ ಅಂತ ಈ ವಿಷಯ ಬಲ್ಲವರು ಹೇಳುತ್ತಾರೆ. 55 ಕೆಜಿಯ ಹೆಂಗಸಿಗೆ 55ರಿಂದ 66 ಗ್ರಾಂ ಆಯಿತು. ನಮ್ಮವರು ತಿನ್ನುತ್ತಿದ್ದದ್ದು ಮೂವತ್ತೈದೋ ನಲವತ್ತೋ. ವಯಸ್ಸಿಗೆ ಬಂದ ಹುಡುಗ ಮನೆಯಲ್ಲಿ ಸಿಕ್ಕಿದ್ದೆಲ್ಲ ತಿಂದು ಲೆಕ್ಕ ಸರಿಮಾಡಿಕೊಳ್ಳುತ್ತಾನೆ. ಅಜ್ಜಿಗೆ ಹಸಿವೆಯೇ ಕಡಿಮೆ, ಬೇಕಾದದ್ದು ಮಾತ್ರ ಜಾಸ್ತಿ. ತೊಡಕಿರುವುದೇ ಅಲ್ಲಿ.

ಮೊದಲು ಡಬ್ಬಿ ಪೌಡರ್ ಕೊಡಿಸಿದೆ. ಒಂದು ಸ್ಕೂಪಿಗೆ ಎಪ್ಪತ್ತು ಎಂಬತ್ತು ರೂಪಾಯಿ, ಮೇಲೆ ಹೊಟ್ಟೆ ಉಬ್ಬರ. ಮಕ್ಕಳು "ಅಮ್ಮಂಗೆ ಏನ್ ಕುಡಿಸ್ತಿದ್ದೀರಿ ಸಾರ್?" ಅಂತ ಜಗಳಕ್ಕೆ ಬಂದರು. ಆಮೇಲೆ ಸೋಯಾ. ಅದರಲ್ಲಿ ಪ್ರೋಟೀನ್ ಏನೋ ಭರ್ಜರಿ, ಆದರೆ ಹಾಲ್‌ನಲ್ಲಿ ಕಿಟಕಿ ತೆಗೆದೇ ಇರಬೇಕಾಯಿತು. ನಿಂತದ್ದು ಹುರಿಹಿಟ್ಟು. ಮೊಳಕೆ ಬರಿಸಿದ ರಾಗಿ, ಹುರಿಗಡಲೆ, ಕಡಲೆಬೀಜ, ಇನ್ನೆರಡು ಸಾಮಾನು. ಅಳತೆ ಕೇಳಬೇಡಿ, ಈಗ ಅದನ್ನು ಮಾರುತ್ತಿದ್ದೇನೆ! ರಾಗಿ ಹಾಕಲು ಕಾರಣ ಕ್ಯಾಲ್ಸಿಯಂ, 100 ಗ್ರಾಂಗೆ 350 ಮಿಲಿಗ್ರಾಂ ಮೇಲೇ ಇದೆ. ಪ್ರೋಟೀನ್‌ಗೆ ರಾಗಿ ನಂಬಿಕೊಂಡರೆ ಆಗುವುದಿಲ್ಲ, ಏಳೇ ಗ್ರಾಂ. ನಲವತ್ತು ಗ್ರಾಂ ಹಿಟ್ಟು ಒಂದು ಲೋಟ ಹಾಲಿಗೆ, ಪಕ್ಕದಲ್ಲಿ ಒಂದು ಬಟ್ಟಲು ಹುರುಳಿ ಅಥವಾ ಹೆಸರುಕಾಳಿನ ಉಸಲಿ. ಕಸರತ್ತು ಮುಗಿದ ಕೂಡಲೇ ಅಲ್ಲೇ ತಿನ್ನಿಸಿ ಕಳಿಸುತ್ತೇನೆ. ಇಪ್ಪತ್ತು ಗ್ರಾಂ ಪ್ರೋಟೀನ್, ಖರ್ಚು ಇಪ್ಪತ್ತು ರೂಪಾಯಿ ಚಿಲ್ಲರೆ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆ, ಇನ್ನೂ ಸುಲಭ. ಹುರುಳಿ ದಿನಾ ಕೊಟ್ಟರೆ "ಉಷ್ಣ" ಅಂತ ತಕರಾರು, ಅದಕ್ಕೆ ಒಂದು ದಿನ ಬಿಟ್ಟು ಒಂದು ದಿನ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಇದು ಯಾವುದೂ ಇಲ್ಲ, ಅವರ ಡಾಕ್ಟರು ಹೇಳಿದ್ದೇ ಊಟ.

ಇದೇ ಹುರಿಹಿಟ್ಟನ್ನು ಸಂಜೆಯ ಹುಡುಗರಿಗೂ ಕೊಟ್ಟು ನೋಡಿದೆ. ಹದಿನಾಲ್ಕು ಹದಿನೈದರ ಹುಡುಗರಿಗೆ ಇದು ಕಾಲು ಹೊಟ್ಟೆಗೂ ಸಾಲದು. ಜೊತೆಗೆ ಎರಡು ಬಾಳೆಹಣ್ಣು, ಹಿಡಿ ಕಡಲೆಬೀಜ ಹಾಕಿದ ಮೇಲೆ ತೂಕ ಹತ್ತಿತು. ಭಾರ ಎತ್ತಿದರೆ ಎತ್ತರ ನಿಂತುಹೋಗುತ್ತದೆ ಅಂತ ಹೆದರುವ ತಾಯಂದಿರಿಗೆ, ನೋಡಿಕೊಳ್ಳುವವರು ಇದ್ದು ಸರಿಯಾಗಿ ಎತ್ತಿದರೆ ಹಾಗಾಗುವುದಿಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ನಲವತ್ತೈದರ ಆಸುಪಾಸಿನ ಹೆಂಗಸರ ಒಂದು ಗುಂಪಿಗೆ ತುದಿಗಾಲಲ್ಲಿ ಎದ್ದು ಹಿಮ್ಮಡಿ ಕುಟ್ಟುವುದನ್ನೂ ಮಾಡಿಸಿದೆ. ಮುಟ್ಟು ನಿಲ್ಲುವ ಹೊತ್ತಿಗೆ ಮೂಳೆ ಬೇಗ ಸವೆಯುತ್ತದೆ, ಅದಕ್ಕೆ ಸ್ವಲ್ಪ ಪೆಟ್ಟು ಬೇಕು ಅನ್ನುವುದು ಲೆಕ್ಕ. ಕೆಳಗಿನ ಮನೆಯವರು ಸದ್ದಿಗೆ ಗಲಾಟೆ ಮಾಡಿದರು, ನಿಲ್ಲಿಸಿದೆ. ಹಾಲ್ ನೆಲಮಹಡಿಯಲ್ಲಿದ್ದವರು ಮಾಡಿ ನೋಡಿ.

ಫಲಿತಾಂಶ ಅಳೆಯಲು ಮೂವತ್ತು ಸೆಕೆಂಡಿನಲ್ಲಿ ಕೈ ಕಟ್ಟಿಕೊಂಡು ಎಷ್ಟು ಸಲ ಏಳುತ್ತಾರೆ ಅನ್ನುವ ಪರೀಕ್ಷೆ ಸಾಕು. ಎಪ್ಪತ್ತರಿಂದ ಎಪ್ಪತ್ನಾಲ್ಕರ ಹೆಂಗಸರಿಗೆ ಹತ್ತು, ಗಂಡಸರಿಗೆ ಹನ್ನೆರಡಕ್ಕಿಂತ ಕಡಿಮೆ ಆದರೆ ಬೀಳುವ ಅಪಾಯ ಇದೆ ಅಂತ ಅರ್ಥ. ನನ್ನಲ್ಲಿಗೆ ಬರುವಾಗ ಐದು ಆರರಲ್ಲಿ ಇದ್ದವರೇ ಜಾಸ್ತಿ. ಊಟ ಸರಿಮಾಡಿದ ಮೇಲೆ ನಾಲ್ಕೈದು ತಿಂಗಳಲ್ಲಿ ಹನ್ನೊಂದು ಹನ್ನೆರಡು ಮುಟ್ಟಿದರು. ಬರೀ ಕಸರತ್ತು ಮಾಡಿ ಹುರಿಹಿಟ್ಟು ಬೇಡ ಅಂದವರು ಎಂಟು ಒಂಬತ್ತರಲ್ಲೇ ಇದ್ದಾರೆ.

ದುಡ್ಡಿನ ಮಾತು. ತಿಂಡಿ ಸೇರಿ ತಿಂಗಳಿಗೆ ಏಳುನೂರು ತೆಗೆದುಕೊಳ್ಳುತ್ತೇನೆ. ಮೂವತ್ತಕ್ಕೂ ಮೇಲೆ ಜನ ಇದ್ದಾರೆ. ತಿಂಡಿಗೆ ಒಬ್ಬರಿಗೆ ಮುನ್ನೂರರ ಹತ್ತಿರ ಹೋಗುತ್ತದೆ. ಉಳಿದದ್ದರಲ್ಲಿ ಬಾಡಿಗೆ ಕಳೆದೂ ಕೈಯಲ್ಲಿ ನಿಲ್ಲುತ್ತದೆ. ಹುಡುಗರ ಹಾಗೆ ಇವರು ಎರಡು ತಿಂಗಳಿಗೆ ಮಾಯ ಆಗುವುದಿಲ್ಲ. ಒಂದನೇ ತಾರೀಖೇ ಎಣಿಸಿ ಕೊಡುತ್ತಾರೆ, ಚಿಲ್ಲರೆ ಸಮೇತ. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರಿಗೆ ಅಂತ ಹತ್ತು ಗಂಟೆಗೆ ಇನ್ನೊಂದು ಬ್ಯಾಚ್ ಈ ತಿಂಗಳು ಶುರು.

ನೀವು ಶುರು ಮಾಡುವುದಿದ್ದರೆ ಮೆಷಿನ್‌ಗೆ ದುಡ್ಡು ಹಾಕಬೇಡಿ. ಹತ್ತು ಹನ್ನೆರಡು ಮರದ ಕುರ್ಚಿ, ಇಪ್ಪತ್ತು ಮಣೆ, ಕ್ಯಾನ್, ಬಿಪಿ ಮೆಷಿನ್, ಎಲ್ಲ ಇಪ್ಪತ್ತೈದು ಸಾವಿರದ ಒಳಗೆ ಆಗುತ್ತದೆ. ಮಣೆಯನ್ನು ಬಡಗಿಯ ಹತ್ತಿರ ಎರಡಿಂಚು ದಪ್ಪಕ್ಕೇ ಮಾಡಿಸಿ, ಅಡಿಗೆ ರಬ್ಬರ್ ಹೊಡೆಸಿ. ಅಂಗಡಿಯಲ್ಲಿ ಸಿಗುವ ತೆಳುಮಣೆ ಕುರ್ಚಿ ಮೇಲೆ ಜಾರುತ್ತದೆ.