ಇಂಗ್ಲಿಷ್ ಕೇಳಿಸಿ, ಓದಿಸಿ ಪರೀಕ್ಷಿಸುವುದು ಹೇಗೆ?

ಈ ಸಾಲು ಓದಿ: ‘ಟಿಂಬ್ರನು ನಿನ್ನೆ ಸಂಜೆ ಗೊಬಟೆಯನ್ನು ಲಪುಕಿದನು.’ ಈಗ ಪ್ರಶ್ನೆ: ಟಿಂಬ್ರನು ನಿನ್ನೆ ಸಂಜೆ ಏನನ್ನು ಲಪುಕಿದನು? ‘ಗೊಬಟೆಯನ್ನು’ ಎಂದು ಯಾರು ಬೇಕಾದರೂ ಬರೆಯುತ್ತಾರೆ. ಗೊಬಟೆ ತಿನ್ನುವುದೋ ಉಡುವುದೋ, ಲಪುಕುವುದೆಂದರೆ ಏನು, ಒಂದೂ ಗೊತ್ತಿಲ್ಲದೆ ಪೂರ್ತಿ ಅಂಕ ಸಿಕ್ಕಿಬಿಡುತ್ತದೆ.

ಹೈಸ್ಕೂಲಿನಲ್ಲಿ ಕೊಡುವ ಇಂಗ್ಲಿಷ್ ಅನ್‌ಸೀನ್ ಪ್ಯಾಸೇಜಿನ ಪ್ರಶ್ನೆಗಳಲ್ಲಿ ಬಹಳಷ್ಟು ಇದೇ ಅಚ್ಚಿನವು. ಪ್ರಶ್ನೆಯಲ್ಲಿರುವ ಪದವನ್ನು ಮಗು ಪ್ಯಾಸೇಜಿನಲ್ಲಿ ಹುಡುಕುತ್ತದೆ, ಸಿಕ್ಕ ಸಾಲನ್ನು ಇಡಿಯಾಗಿ ಇಳಿಸುತ್ತದೆ, ಟೀಚರ್ ರೈಟ್ ಹಾಕುತ್ತಾರೆ. ಅದೇ ಮಗು ಪಿಯುಸಿ ಸೈನ್ಸಿಗೆ ಸೇರಿ ಒಂದು ಪ್ಯಾರಾ ತಾನಾಗಿ ಓದಬೇಕಾದಾಗ ಕಂಗಾಲಾಗುತ್ತದೆ.

ಕೇಳಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಂತೂ ಎಷ್ಟೋ ಕಡೆ ನಡೆಯುವುದೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ ಲಿಖಿತ ಪರೀಕ್ಷೆ 80 ಅಂಕ, ಆಂತರಿಕ ಮೌಲ್ಯಮಾಪನ 20 ಅಂಕ. ಆ 80ರಲ್ಲಿ ಕಿವಿಗೆ ಕೆಲಸವಿಲ್ಲ. ಹಾಗಾಗಿ ಇದನ್ನು ಮಾಡುವುದಿದ್ದರೆ ಶಾಲೆಯೇ ರೂಪಣಾತ್ಮಕ ಮೌಲ್ಯಮಾಪನದಲ್ಲಿ, ಅಂದರೆ ವರ್ಷದ ನಡುನಡುವೆ ತಾನೇ ನಡೆಸುವ ಪರೀಕ್ಷೆಗಳಲ್ಲಿ, ಮಾಡಬೇಕು. ಒಂದು ಮೊಬೈಲು, ಒಂದು ಸ್ಪೀಕರು, 40 ನಿಮಿಷದ ಒಂದು ಪೀರಿಯಡ್ ಇದ್ದರೆ ಸಾಕು. ಕೇಳುವುದು ಒಂದು ದಿನ, ಓದುವುದು ಇನ್ನೊಂದು ದಿನ ಇಟ್ಟುಕೊಳ್ಳಿ. ಎರಡನ್ನೂ ಒಂದೇ ಪೀರಿಯಡ್‌ಗೆ ತುರುಕಿದರೆ ಎರಡೂ ಕೆಡುತ್ತವೆ.

ಕೇಳಿಸಲು ಏನನ್ನು ಆರಿಸಬೇಕು

ಪಠ್ಯಪುಸ್ತಕದ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವುದು ಕೇಳುವ ಪರೀಕ್ಷೆ ಆಗುವುದಿಲ್ಲ. ಮಕ್ಕಳಿಗೆ ಅದು ಬಾಯಿಪಾಠ. ಗೊತ್ತಿಲ್ಲದ ಪಾಠವಾದರೂ ಬರಹದ ವಾಕ್ಯಗಳು ಉದ್ದುದ್ದ ಇರುತ್ತವೆ, ಕಿವಿಯಲ್ಲಿ ನಿಲ್ಲುವುದಿಲ್ಲ. ಮಾತಿಗಾಗಿಯೇ ಹುಟ್ಟಿದ್ದನ್ನು ಆರಿಸಿ: ಬಸ್ ನಿಲ್ದಾಣದ ಪ್ರಕಟಣೆ, ಹವಾಮಾನ ವರದಿ, ಮೆಡಿಕಲ್ ಶಾಪಿನಲ್ಲಿ ಔಷಧಿ ತೆಗೆದುಕೊಳ್ಳುವ ಕ್ರಮ ಹೇಳುವುದು, ಇಬ್ಬರು ಗೆಳತಿಯರು ಟೂರಿಗೆ ದಿನ ಗೊತ್ತು ಮಾಡುವ ಮಾತುಕತೆ.

ಒಂಬತ್ತು, ಹತ್ತನೇ ತರಗತಿಗೆ 200 ಪದ ಸಾಕು, ಎಂಟನೆಯವರಿಗೆ 130. ನಿಮಿಷಕ್ಕೆ 120 ಪದದ ವೇಗದಲ್ಲಿ 200 ಪದ ಹೇಳಲು 1 ನಿಮಿಷ 40 ಸೆಕೆಂಡು ಹಿಡಿಯುತ್ತದೆ. ಒಂದು ದೊಡ್ಡದರ ಬದಲು ಎರಡು ಚಿಕ್ಕದನ್ನು ಕೇಳಿಸಿ. ಒಂದೇ ಇದ್ದರೆ, ಮೊದಲ ಅರ್ಧ ನಿಮಿಷದಲ್ಲಿ ದಾರಿ ತಪ್ಪಿದ ಮಗುವಿಗೆ ಕೊನೆಯವರೆಗೂ ದಾರಿ ಸಿಗುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ವರ್ಕ್‌ಶೀಟುಗಳ ಬಗ್ಗೆ ಒಂದು ಮಾತು. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ, ಹಿಮದ ಮೇಲೆ ಜಾರುವ ಆಟ, ಬೇಸ್‌ಬಾಲಿನ ನಿಯಮ ಇಂಥವೇ ಅಲ್ಲಿ ತುಂಬಿರುತ್ತವೆ. ನಮ್ಮ ಮಗು ತಪ್ಪು ಬರೆದರೆ ಇಂಗ್ಲಿಷ್ ಬರಲಿಲ್ಲವೋ, ಬೇಸ್‌ಬಾಲ್ ಗೊತ್ತಿಲ್ಲವೋ ಹೇಳುವುದು ಹೇಗೆ? ಅವನ್ನು ಬಿಟ್ಟುಬಿಡಿ. ಗೈಡುಗಳಲ್ಲಿರುವ ಪ್ಯಾಸೇಜುಗಳನ್ನಂತೂ ಮುಟ್ಟಲೇಬೇಡಿ, ಅವುಗಳ ಉತ್ತರ ಮಕ್ಕಳ ಬಳಿ ಆಗಲೇ ಇರುತ್ತದೆ.

ರೆಕಾರ್ಡಿಂಗ್

ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ ಹಿಡಿದರೆ ಪ, ಬ ಅನ್ನುವಾಗ ಉಸಿರು ಬಡಿದು ‘ಡಬ್’ ಎನ್ನುವ ಸದ್ದು ಬರುವುದಿಲ್ಲ. ಒಂದೊಂದೇ ಪದ ಬಿಡಿಸಿ ‘ದಿ... ಬಸ್... ವಿಲ್...’ ಎಂದು ಓದುವುದು ಮಕ್ಕಳಿಗೆ ಮಾಡುವ ಉಪಕಾರವಲ್ಲ. ನಿಜವಾದ ಇಂಗ್ಲಿಷ್ ಮಾತಿನಲ್ಲಿ ‘ಪಿಕ್ ಇಟ್ ಅಪ್’ ಎನ್ನುವುದು ಕಿವಿಗೆ ‘ಪಿಕಿಟಪ್’ ಎಂದೇ ಬೀಳುತ್ತದೆ. ಪರೀಕ್ಷಿಸಬೇಕಾದ್ದು ಅದನ್ನೇ. ವೇಗ ತುಸು ತಗ್ಗಲಿ, ಪದಗಳು ಮಾತ್ರ ಕೂಡಿಕೊಂಡೇ ಬರಲಿ. ಸಂಭಾಷಣೆಯಾದರೆ ಎರಡು ದನಿ ಬೇಕೇ ಬೇಕು. ಒಬ್ಬರೇ ಎರಡೂ ಪಾತ್ರ ಹೇಳಿದರೆ ಮಾತು ಯಾರದೆಂದು ತಿಳಿಯುವುದಿಲ್ಲ. ಫೋನಿನ ಯಂತ್ರದನಿ ಪ್ರಕಟಣೆಗೆ ನಡೆದೀತು, ಮಾತುಕತೆಗೆ ಬೇಡ.

ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಪೀಕರನ್ನು ಮೇಷ್ಟ್ರ ಮೇಜಿನ ಮೇಲಿಡದೆ ಕೋಣೆಯ ನಡುವೆ ಒಂದು ಡೆಸ್ಕಿನ ಮೇಲಿಡಿ. ಹಿಂದಿನ ದಿನವೇ ನೀವು ಕೊನೆ ಬೆಂಚಿನಲ್ಲಿ ಕೂತು ಕೇಳಿ ನೋಡಿ. ಕೋಣೆಗೆ ಶೀಟಿನ ಚಾವಣಿ ಇದ್ದರೆ ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಬೇರೆ ಕೋಣೆಗೆ ಬದಲಾಯಿಸಿ. ಕೆಲವು ಬ್ಲೂಟೂತ್ ಸ್ಪೀಕರುಗಳು ಸದ್ದಿಲ್ಲದಾಗ ನಿದ್ದೆಗೆ ಜಾರಿ, ಮತ್ತೆ ಶುರುವಾಗುವಾಗ ಮೊದಲ ಪದವನ್ನು ನುಂಗಿಬಿಡುತ್ತವೆ. ಆ ಪದವೇ ಊರಿನ ಹೆಸರಾಗಿದ್ದರೆ ಒಂದು ಪ್ರಶ್ನೆ ಹೋದಂತೆ. ಆದ್ದರಿಂದ ಪ್ರತಿ ಸಲವೂ ಮೊದಲು ‘ನೌ ಲಿಸನ್ ಕೇರ್‌ಫುಲಿ’ ಎಂಬ ಸಾಲು ಬರುವಂತೆ ರೆಕಾರ್ಡ್ ಮಾಡಿ. ವೈರಿನಿಂದ ಜೋಡಿಸುವ ಸ್ಪೀಕರಿದ್ದರೆ ಅದೇ ವಾಸಿ.

ಪ್ರಶ್ನೆ ತೆಗೆಯುವುದು: ಕೆಡುವುದು ಇಲ್ಲೇ

ಒಂದು ಪ್ರಕಟಣೆ ಇಟ್ಟುಕೊಳ್ಳೋಣ. ಹಾಸನದ ಬಸ್ ನಿಲ್ದಾಣ. ದಿನಾ 3:15ಕ್ಕೆ 4ನೇ ಪ್ಲಾಟ್‌ಫಾರ್ಮಿನಿಂದ ಹೊರಡುವ ಚಿಕ್ಕಮಗಳೂರು ಬಸ್ಸು, ಬೇಲೂರಿನ ಹತ್ತಿರ ರಸ್ತೆ ರಿಪೇರಿ ಇರುವುದರಿಂದ ಇವತ್ತು 3:50ಕ್ಕೆ 7ನೇ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ, ‘ಬಸ್ಸು ಯಾಕೆ ತಡ?’ ಎಂದು ಕೇಳಿ ನಾಲ್ಕು ಆಯ್ಕೆ ಕೊಡುತ್ತೇವೆ: ಮಳೆ, ರಸ್ತೆ ರಿಪೇರಿ, ಡ್ರೈವರ್ ಬಂದಿಲ್ಲ, ಟೈರ್ ಪಂಕ್ಚರ್. ರೆಕಾರ್ಡಿಂಗಿನಲ್ಲಿ ‘ರೋಡ್ ರಿಪೇರ್’ ಎಂಬ ಸದ್ದು ಬಿಟ್ಟರೆ ಮಿಕ್ಕ ಮೂರು ಬರುವುದೇ ಇಲ್ಲ. ಆ ಎರಡು ಪದ ಕಿವಿಗೆ ಬಿದ್ದರೆ ಮುಗಿಯಿತು, ವಾಕ್ಯ ಅರ್ಥವಾಗಬೇಕಾಗಿಯೇ ಇಲ್ಲ. ಇದು ಗೊಬಟೆಯ ಅಣ್ಣ.

ಸರಿಪಡಿಸಲು ಎರಡು ಕೆಲಸ ಮಾಡಿ. ಒಂದು, ತಪ್ಪು ಆಯ್ಕೆಗಳೂ ರೆಕಾರ್ಡಿಂಗಿನಲ್ಲಿ ಸುಳಿದು ಹೋಗಲಿ: ‘ನಿನ್ನೆ ಜೋರು ಮಳೆ ಬಂದರೂ ರಸ್ತೆ ತೆರೆದೇ ಇತ್ತು’, ‘ಟಿಕೆಟಿಗೆ ಡ್ರೈವರನ್ನು ಕೇಳಬೇಡಿ, ಕೌಂಟರಿಗೆ ಹೋಗಿ’. ಎರಡು, ಸರಿಯುತ್ತರದಲ್ಲಿ ‘ರೋಡ್ ರಿಪೇರ್’ ಎಂಬ ಪದಗಳೇ ಇರಬಾರದು. ‘ಬೇಲೂರಿನ ಬಳಿ ಜನ ರಸ್ತೆಯ ಕೆಲಸ ಮಾಡುತ್ತಿದ್ದಾರೆ’ ಎಂಬ ಅರ್ಥದ ಬೇರೆ ಇಂಗ್ಲಿಷ್ ವಾಕ್ಯ ಇಡಿ.

ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿದೆ: ಒಬ್ಬಾಕೆ ಚಿಕ್ಕಮಗಳೂರಿಗೆ ಹೋಗಲು 3:30ಕ್ಕೆ 4ನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತಿದ್ದಾಳೆ. ಬಸ್ಸು ತಪ್ಪಿತೇ? ಅವಳು ಈಗ ಏನು ಮಾಡಬೇಕು? ಈ ಉತ್ತರ ಯಾವ ವಾಕ್ಯದಲ್ಲೂ ಇಡಿಯಾಗಿ ಇಲ್ಲ. ಎರಡು ಸಮಯ, ಎರಡು ಪ್ಲಾಟ್‌ಫಾರ್ಮ್ ಕೂಡಿಸಿ ಯೋಚಿಸಿದವರಿಗೆ ಮಾತ್ರ ಸಿಗುತ್ತದೆ. ಎಂಟು ಪ್ರಶ್ನೆಯಲ್ಲಿ ಇಂಥವು ಮೂರಾದರೂ ಇರಲಿ.

3:15 ಮತ್ತು 3:50 ಬೇಕೆಂದೇ ಇಟ್ಟಿದ್ದು. ಫಿಫ್ಟೀನ್‌ನಲ್ಲಿ ಒತ್ತು ‘ಟೀನ್’ ಮೇಲೆ, ಫಿಫ್ಟಿಯಲ್ಲಿ ‘ಫಿಫ್’ ಮೇಲೆ. ಕನ್ನಡದಲ್ಲಿ ಒತ್ತು ಬದಲಾದರೆ ಪದದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಮಕ್ಕಳ ಕಿವಿ ಅದನ್ನು ಹುಡುಕುವುದಿಲ್ಲ. ಥರ್ಟೀನ್–ಥರ್ಟಿ, ‘ಕ್ಯಾನ್’–‘ಕಾಂಟ್’ ಕೂಡ ಇಂಥ ಜಾಗಗಳೇ. ಆದರೆ ರೆಕಾರ್ಡ್ ಮಾಡಿದವರೇ ಎರಡನ್ನೂ ಒಂದೇ ಥರ ಹೇಳಿದ್ದರೆ ಆ ಪ್ರಶ್ನೆ ಅನ್ಯಾಯ. ಸ್ಟಾಫ್ ರೂಮಿನಲ್ಲಿ ಇಬ್ಬರಿಗೆ ಕೇಳಿಸಿ. ಅವರಿಗೂ ಗೊಂದಲವಾದರೆ ಮತ್ತೆ ರೆಕಾರ್ಡ್ ಮಾಡಿ.

ಪ್ರಶ್ನೆಗಳು ರೆಕಾರ್ಡಿಂಗಿನ ಕ್ರಮದಲ್ಲೇ ಬರಲಿ. ಒಂದು ಉತ್ತರಕ್ಕೂ ಮುಂದಿನದಕ್ಕೂ ನಡುವೆ ಎರಡು ವಾಕ್ಯದ ಅಂತರವಿರಲಿ, ಇಲ್ಲದಿದ್ದರೆ ಮೊದಲನೆಯದನ್ನು ಗುರುತು ಹಾಕುವಷ್ಟರಲ್ಲಿ ಎರಡನೆಯದು ಹೋಗಿಬಿಡುತ್ತದೆ. ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಬೇಡ. ಹೌದು–ಇಲ್ಲ ಪ್ರಶ್ನೆಯೂ ಬೇಡ, ಕಣ್ಣು ಮುಚ್ಚಿ ಬರೆದರೂ ಅರ್ಧ ಸರಿಯಾಗುತ್ತದೆ.

ಕೊನೆಗೊಂದು ತಪಾಸಣೆ, ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು: ಬೇರೆ ತರಗತಿಯ ಐದು ಮಕ್ಕಳಿಗೆ ರೆಕಾರ್ಡಿಂಗ್ ಕೇಳಿಸದೆ ಬರೀ ಪ್ರಶ್ನೆಪತ್ರಿಕೆ ಕೊಡಿ. ನಾಲ್ಕು ಆಯ್ಕೆಯ ಪ್ರಶ್ನೆಗೆ ಐವರಲ್ಲಿ ಒಬ್ಬಿಬ್ಬರು ಸರಿ ಬರೆಯುವುದು ಊಹೆಯ ಲೆಕ್ಕ. ಮೂವರು ನಾಲ್ವರು ಸರಿ ಬರೆದರೆ ಅದು ಲೋಕಜ್ಞಾನದಿಂದ ಉತ್ತರಿಸಬಲ್ಲ ಪ್ರಶ್ನೆ, ತೆಗೆದುಹಾಕಿ.

ಪರೀಕ್ಷೆಯ ಹೊತ್ತು

ಪ್ರಶ್ನೆ ಓದಿಕೊಳ್ಳಲು ಒಂದು ನಿಮಿಷ, ಮೊದಲ ಸಲ ಕೇಳಿಸುವುದು, ಒಂದು ನಿಮಿಷ ಬಿಡುವು, ಎರಡನೇ ಸಲ ಕೇಳಿಸುವುದು, ಎರಡು ನಿಮಿಷ ಬರೆಯಲು. ಒಂದು ರೆಕಾರ್ಡಿಂಗಿಗೆ ಸುಮಾರು ಏಳೂವರೆ ನಿಮಿಷ. ಪ್ರಶ್ನೆಯನ್ನು ಮೊದಲು ನೋಡಲು ಬಿಡುವುದು ಕಾಪಿಗೆ ಅವಕಾಶ ಕೊಟ್ಟಂತೆ ಎಂದು ಕೆಲವರು ಹೆದರುತ್ತಾರೆ. ಬಿಡದಿದ್ದರೆ ನೀವು ಪರೀಕ್ಷಿಸುವುದು ನೆನಪಿನ ಶಕ್ತಿಯನ್ನು. ಮೂರನೇ ಸಲ ಕೇಳಿಸಬೇಡಿ. ಎ ಸೆಕ್ಷನ್ ಮುಗಿಸಿದವರು ಇಂಟರ್ವಲ್‌ನಲ್ಲಿ ಬಿ ಸೆಕ್ಷನ್‌ಗೆ ಎಲ್ಲ ಹೇಳಿಬಿಡುತ್ತಾರೆ. ಅದಕ್ಕೇ ಸಮಯ, ಊರು, ಸಂಖ್ಯೆ ಬದಲಿಸಿದ ಇನ್ನೊಂದು ರೆಕಾರ್ಡಿಂಗ್ ಇರಲಿ. ಕಿವಿ ಮಂದವಿರುವ, ಕಿವಿ ಸೋರುವ ಮಕ್ಕಳನ್ನು ಸ್ಪೀಕರಿನ ಪಕ್ಕ ಕೂರಿಸಿ. ಅಷ್ಟರಲ್ಲೂ ಆಗದಿದ್ದರೆ ಎದುರಿಗೆ ಕೂತು, ನಿಮ್ಮ ತುಟಿ ಕಾಣುವ ಹಾಗೆ ನೀವೇ ಓದಿ ಹೇಳಿ.

ಓದುವ ಪರೀಕ್ಷೆಗೆ

ಹತ್ತನೇ ತರಗತಿಗೆ 250ರಿಂದ 300 ಪದದ ಪ್ಯಾಸೇಜ್, 10 ಪ್ರಶ್ನೆ, 25 ನಿಮಿಷ. ನೂರು ಪದದಲ್ಲಿ ಮಕ್ಕಳಿಗೆ ಗೊತ್ತಿಲ್ಲದ್ದು ಐದನ್ನು ದಾಟಿದರೆ ಪ್ಯಾಸೇಜ್ ಬದಲಿಸಿ, ಅಥವಾ ಕಷ್ಟದ ಪದಗಳ ಅರ್ಥವನ್ನು ಕೆಳಗೆ ಕೊಡಿ. ಜೆರಾಕ್ಸ್ ಸ್ಪಷ್ಟವಾಗಿರಲಿ. ಬೋರ್ಡಿನ ಮೇಲೆ ಬರೆದು ಓದಿಸಬೇಡಿ.

ತಪ್ಪು ಆಯ್ಕೆಗಳೂ ಸುಳಿದು ಹೋಗಲಿ, ಸರಿಯುತ್ತರದಲ್ಲಿ ಅದೇ ಪದಗಳು ಬೇಡ ಎಂದು ಮೊದಲು ಹೇಳಿದ ಎರಡು ಸೂತ್ರ ಇಲ್ಲೂ ನಡೆಯುತ್ತವೆ. ಅದರ ಮೇಲೆ, ಕನ್ನಡದ ಮಕ್ಕಳು ಎಡವುವ ಮೂರು ಜಾಗ ಗುರಿಯಿಟ್ಟು ಪ್ರಶ್ನೆ ತೆಗೆದರೆ ಯಾರಿಗೆ ಏನು ಬರುವುದಿಲ್ಲ ಎಂಬುದು ಕನ್ನಡಿಯಂತೆ ಕಾಣುತ್ತದೆ.

‘ದಿ ಮ್ಯಾನ್ ಹೂ ಬಾಟ್ ಕೋಕನಟ್ಸ್ ಫ್ರಮ್ ಬಸವರಾಜ್ ವೆಂಟ್ ಟು ತಿಪಟೂರ್.’ ತಿಪಟೂರಿಗೆ ಹೋದವರು ಯಾರು? ‘ಬಸವರಾಜ್’ ಎಂದು ಅನೇಕರು ಬರೆಯುತ್ತಾರೆ, ಏಕೆಂದರೆ ‘ವೆಂಟ್’ ಪಕ್ಕ ನಿಂತಿರುವ ಹೆಸರು ಅದೇ. ಕನ್ನಡದಲ್ಲಿ ‘ಬಸವರಾಜನಿಂದ ಕಾಯಿ ಕೊಂಡವನು ತಿಪಟೂರಿಗೆ ಹೋದ’ ಎಂದಾಗ ವಿವರ ಮೊದಲು ಬಂದು ‘ಕೊಂಡವನು’ ಕ್ರಿಯಾಪದದ ಕಡೆಗಿರುತ್ತಾನೆ. ಇಂಗ್ಲಿಷಿನಲ್ಲಿ ವಿವರ ಆಮೇಲೆ ಬಂದು ಮನುಷ್ಯ ಕ್ರಿಯಾಪದದಿಂದ ದೂರ ಉಳಿಯುತ್ತಾನೆ. ಇದು ತಿಳಿಯದಿದ್ದರೆ ವಿಜ್ಞಾನದ ಉದ್ದ ವಾಕ್ಯಗಳು ಎಂದೂ ಬಿಡಿಸಿಕೊಳ್ಳುವುದಿಲ್ಲ.

ಎರಡನೆಯದು, ‘ನಾಟ್’ ಇಲ್ಲದ ನಿಷೇಧ. ‘ಟೂ ಟೈರ್ಡ್ ಟು ಈಟ್’ ಎಂದರೆ ಊಟ ಮಾಡಲಿಲ್ಲ. ‘ಹಾರ್ಡ್ಲಿ ಎನಿ ವಾಟರ್’ ಎಂದರೆ ನೀರು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಗಡಸು ನೀರು ಎಂದುಕೊಳ್ಳುವವರಿದ್ದಾರೆ. ಮೂರನೆಯದು ‘ಇಟ್’, ‘ದೇ’, ‘ದಿಸ್’: ಪದಕ್ಕೆ ಗೆರೆ ಎಳೆದು, ಇದು ಯಾವುದನ್ನು ಹೇಳುತ್ತಿದೆ ಎಂದು ಕೇಳಿ.

ಊಹಿಸಿ ತಿಳಿಯುವ ಪ್ರಶ್ನೆಯೂ ಇರಬೇಕು. ನಾಗಮ್ಮ ಗೂಟದಿಂದ ಕೊಡೆ ತೆಗೆದಳು, ಆಕಾಶ ನೋಡಿದಳು, ಮತ್ತೆ ತೂಗುಹಾಕಿದಳು ಎಂದು ಪ್ಯಾಸೇಜಿನಲ್ಲಿದ್ದರೆ, ಹೊರಗೆ ಮಳೆ ಬರುವ ಲಕ್ಷಣವಿತ್ತೇ ಎಂದು ಕೇಳಿ. ಹತ್ತರಲ್ಲಿ ನೇರ ಉತ್ತರದವು ಮೂರು ದಾಟದಿರಲಿ.

ಅಂಕ ಹಾಕುವುದು

‘ಸೆವೆನ್’ಗೆ ಸ್ಪೆಲಿಂಗ್ ತಪ್ಪಿ ಬರೆದಿದ್ದರೂ ಪೂರ್ತಿ ಅಂಕ ಕೊಡಿ. ವ್ಯಾಕರಣ ತಪ್ಪಿಗೂ ಕಡಿಯಬೇಡಿ, ಅದಕ್ಕೆ ಬೇರೆ ಪರೀಕ್ಷೆ ಇದೆ. ಕನ್ನಡ ಮಾಧ್ಯಮದ ಮಕ್ಕಳು ವಿವರಣೆಯ ಉತ್ತರವನ್ನು ಕನ್ನಡದಲ್ಲಿ ಬರೆದರೆ ಒಪ್ಪಿಕೊಳ್ಳಿ. ಅರ್ಥವಾಗಿದೆ ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಮೂರು ಸಾಲು ಇಳಿಸಿ ಉತ್ತರ ಅದರೊಳಗೆಲ್ಲೋ ಇದೆ ಎನ್ನುವವರಿಗೆ ಸೊನ್ನೆ. ಇದನ್ನು ಪರೀಕ್ಷೆಗೆ ಮುಂಚೆಯೇ ಹೇಳಿಬಿಡಿ. ನಾಲ್ಕು ಆಯ್ಕೆಯ ಎಂಟು ಪ್ರಶ್ನೆಗೆ ಬರೀ ಊಹೆಯಿಂದಲೇ ಸರಾಸರಿ ಎರಡು ಸರಿಯಾಗುತ್ತವೆ ಎಂಬುದು ಅಂಕಪಟ್ಟಿ ನೋಡುವಾಗ ನೆನಪಿರಲಿ.

40 ಮಕ್ಕಳ ತರಗತಿಯಾದರೆ ಒಟ್ಟು ಅಂಕದಲ್ಲಿ ಮೇಲಿನ 10, ಕೆಳಗಿನ 10 ಪತ್ರಿಕೆ ಬೇರೆ ತೆಗೆದಿಡಿ. ಒಂದೊಂದು ಪ್ರಶ್ನೆಗೂ ಎರಡೂ ಗುಂಪಿನಲ್ಲಿ ಎಷ್ಟು ಜನ ಸರಿ ಎಂದು ಎಣಿಸಿ. ಮೇಲೆ 9, ಕೆಳಗೆ 3 ಬಂದರೆ ಪ್ರಶ್ನೆ ಗಟ್ಟಿ. ಮೇಲೆ 5, ಕೆಳಗೆ 6 ಬಂದರೆ ಕೆಟ್ಟಿರುವುದು ಪ್ರಶ್ನೆ: ಎರಡು ಸರಿಯುತ್ತರ ಇರಬಹುದು, ಅಥವಾ ಆ ಹೊತ್ತಿಗೆ ಹೊರಗೆ ಟ್ರ್ಯಾಕ್ಟರ್ ಹೋಗಿರಬಹುದು. ಅದನ್ನು ಒಟ್ಟು ಅಂಕದಿಂದ ಬಿಡಿ.

ಪತ್ರಿಕೆ ಹಿಂದಿರುಗಿಸುವ ದಿನ ರೆಕಾರ್ಡಿಂಗಿನ ಬರಹರೂಪವನ್ನು ಕೈಗೆ ಕೊಟ್ಟು ಮತ್ತೊಮ್ಮೆ ಕೇಳಿಸಿ. ಹೆಚ್ಚು ಜನ ತಪ್ಪಿದ ಜಾಗದಲ್ಲಿ ನಿಲ್ಲಿಸಿ, ಐದು ಸೆಕೆಂಡು ಹಿಂದಕ್ಕೆ ಎಳೆದು, ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳಲು ಹೇಳಿ. ‘ಪಿಕಿಟಪ್’ ಎಂದು ಕೇಳಿದ್ದು ಮೂರು ಪದ ಎಂದು ಕಣ್ಣಿಗೆ ಕಾಣುವುದು ಆಗಲೇ. ಆಮೇಲೆ ಬರಹದ ಹಾಳೆಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ, ಮುಂದಿನ ವರ್ಷ ಸಂಖ್ಯೆ ಬದಲಿಸಿ ಅದನ್ನೇ ಬಳಸಬಹುದು.